ಬೆಳಿಗ್ಗೆ ಬೀಚ್, ಮಧ್ಯಾಹ್ನ ಕಾರ್ಕಳ ಎನ್ನುವವರಿಗೆ

ಉಡುಪಿ ಪ್ರವಾಸಕ್ಕೆ ಹುಣ್ಣಿಮೆಯಂದು ಮಲ್ಪೆ ಹತ್ತಿರ ಟೆಂಟ್ ಹಾಕಿ, ಬೆಳಿಗ್ಗೆ ಬೀಚ್, ಮಧ್ಯಾಹ್ನ ಕಾರ್ಕಳ, ಸಂಜೆ ಕೃಷ್ಣ ಮಠ ಎಂದು ಟೆಂಟ್‌ನ ಚಿತ್ರದ ಜೊತೆ ಬರೆದಿದ್ದೀರಿ. ಓದುತ್ತಲೇ ನನ್ನ ಅಂಗಾಲು ಉರಿಯಿತು. ಹಾಸನದಿಂದ ಶಿರಾಡಿ ಇಳಿದು ಹೋದ ನಾನೂ ಹಿಂದೊಮ್ಮೆ ಇದನ್ನೇ ಮಾಡಿದ್ದೆ.

ಹತ್ತರವರೆಗೆ ಅಲೆಯಲ್ಲಿ ಆಡಿ, ಒದ್ದೆ ಬಟ್ಟೆಯಲ್ಲೇ ಕಾರು ಹತ್ತಿ, ಕಾರ್ಕಳದ ಬೆಟ್ಟ ಮುಟ್ಟುವಾಗ ಹನ್ನೆರಡೂವರೆ. ಬಂಡೆ ದೋಸೆ ಕಾವಲಿಯಂತೆ ಕಾದಿತ್ತು. ಮಗಳನ್ನು ಹೆಗಲ ಮೇಲೆ ಹೊತ್ತು ಬರಿಗಾಲಲ್ಲಿ ಕುಣಿಯುತ್ತಾ ಏರಿದೆ. 1432ರ, 42 ಅಡಿಯ ಗೊಮ್ಮಟನ ಮುಖ ನೆನಪಿಲ್ಲ. ಅವನ ನೆರಳು ಎಲ್ಲಿ ಬಿದ್ದಿತ್ತೆಂಬುದು ಚೆನ್ನಾಗಿ ನೆನಪಿದೆ. ಉಪ್ಪುನೀರಿನ ಬಟ್ಟೆ ಬೆವರಿಗೆ ಉಜ್ಜಿ ತೊಡೆ ಕೆತ್ತಿಹೋದದ್ದು ಬೇರೆ. ಶ್ರವಣಬೆಳಗೊಳ ಹತ್ತಿ ಬೆಳೆದ ಜಿಲ್ಲೆಯವನಿಗೆ ಕಾಲುಚೀಲ ಒಯ್ಯಲು ಹೊಳೆಯಲಿಲ್ಲವೇ ಎಂದು ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಕ್ರಮ ತಿರುಗಿಸಿ: ಕಲ್ಲು ಮೊದಲು, ನೀರು ಕೊನೆಗೆ. ಬೆಳಕು ಹರಿಯುವಾಗಲೇ ಹೊರಟರೆ ಬೆಟ್ಟ ತಣ್ಣಗಿರುತ್ತದೆ. ಎದುರಿನ ಚತುರ್ಮುಖ ಬಸದಿಯನ್ನು ಬಿಡಬೇಡಿ. 1586ರದು, ನಾಲ್ಕು ದಿಕ್ಕಿಗೂ ಒಂದೇ ಥರದ ಮುಖ. ಫೋಟೋ ತೆಗೆದು ಓಡುವವರೇ ಹೆಚ್ಚು, ಒಮ್ಮೆ ಸುತ್ತು ಬಂದು ನೋಡಿ. ಹನ್ನೊಂದರ ಸುಮಾರಿಗೆ ಉಡುಪಿ, ಒಣ ಬಟ್ಟೆಯಲ್ಲಿ. ದರ್ಶನಕ್ಕೆ ಗಂಡಸರು ಅಂಗಿ ಬಿಚ್ಚಬೇಕು, ಟೀ ಶರ್ಟ್‌ಗಿಂತ ಗುಂಡಿಯ ಅಂಗಿ ವಾಸಿ. ಊಟ ಮಠದಲ್ಲೇ ಆಗುತ್ತದೆ.

ಬಿಸಿಲು ಇಳಿಯುವಾಗ ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪ. ಅಲ್ಲಿನ ಕಂಬದಂಥ ಬಂಡೆಗಳು ಸುಮಾರು 8.8 ಕೋಟಿ ವರ್ಷ ಹಿಂದೆ ಲಾವಾ ತಣಿದು ಬಿರಿದವು. ಒದ್ದೆಯಾದರೆ ಜಾರುತ್ತವೆ, ಸೆಲ್ಫಿಗಾಗಿ ಅಂಚಿಗೆ ಹೋಗಬೇಡಿ. ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಹತ್ತುವಾಗಲೇ ಕೇಳಿಕೊಳ್ಳಿ. ಸಾವಿರಾರು ರೂಪಾಯಿಯ ಟ್ರೆಕಿಂಗ್ ಶೂ ಮರಳಿನಲ್ಲಿ ದಂಡ, ಪ್ಯಾರಗಾನ್ ಹವಾಯಿ ಸಾಕು.

ಟೆಂಟ್ ವಿಷಯ. ನೀವು ಹಾಕಿದ ಚಿತ್ರದಲ್ಲಿ ಒಣ ಪಾಚಿ, ಚಿಪ್ಪಿನ ಸಾಲು ಟೆಂಟ್‌ಗಿಂತ ಮೇಲಿದೆ. ಅಂದರೆ ನೀರು ಅಲ್ಲಿಯವರೆಗೆ ಬಂದು ಹೋಗಿದೆ! ಬೆಳದಿಂಗಳ ಆಸೆಗೆ ಹುಣ್ಣಿಮೆಗೇ ಹೋಗುತ್ತೀರಿ, ಸಮುದ್ರದ ಉಬ್ಬರ ಜೋರಾಗುವುದೂ ಆಗಲೇ. ಗಾಳಿಮರದ ತೋಪಿನತ್ತ ಸರಿಯಿರಿ. ಸಣ್ಣ ಗೂಟ ಮರಳಿನಲ್ಲಿ ನಿಲ್ಲುವುದಿಲ್ಲ. ಗೊಬ್ಬರದ ಖಾಲಿ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕಾಲುದ್ದ ಗುಂಡಿಯಲ್ಲಿ ಹೂಳಿ. ಚೀಲವನ್ನು ಮೊದಲೇ ತೊಳೆಯಿರಿ, ಯೂರಿಯಾ ವಾಸನೆಯಲ್ಲಿ ನಿದ್ದೆ ಬರುವುದಿಲ್ಲ.

ಯಾವ ತಿಂಗಳು ಎಂದು ಬರೆದೇ ಇಲ್ಲವಲ್ಲ? ಮಳೆಗಾಲವಾದರೆ ದ್ವೀಪಕ್ಕೆ ದೋಣಿ ಬಿಡುವುದಿಲ್ಲ, ಟೆಂಟ್‌ನ ಮಾತೂ ಬೇಡ.