ಈ ಅಳತೆಗೆ ಎಷ್ಟು ತ್ರಿಭುಜ? – ಒಬ್ಬ ಲೇಖಕರಿಗೆ ಉತ್ತರ

ಪ್ರಿಯರೆ, ನಮಸ್ಕಾರ.

ಮೂಡಿಗೆರೆಯಿಂದ ನಮ್ಮ ಮಕ್ಕಳ ಪುಟಕ್ಕೆ ನೀವು ಕಳಿಸಿದ ‘ತ್ರಿಭುಜಗಳ ಲೋಕ’ ತಲುಪಿದೆ. 7ರಿಂದ 9ನೇ ತರಗತಿಯ ಮಕ್ಕಳಿಗೆ ತ್ರಿಭುಜದ ವಿಧಗಳನ್ನೂ ಸರ್ವಸಮತೆಯನ್ನೂ (ಎರಡು ತ್ರಿಭುಜ ಆಕಾರದಲ್ಲೂ ಗಾತ್ರದಲ್ಲೂ ಒಂದೇ ಆಗಿರುವುದು) ಒಟ್ಟಿಗೆ ತಿಳಿಸಬೇಕೆಂಬ ಉದ್ದೇಶ ಒಳ್ಳೆಯದು. ಭಾಷೆಯೂ ತಿಳಿಯಾಗಿದೆ. ಆದರೂ ಈಗಿರುವಂತೆ ಇದನ್ನು ಅಚ್ಚು ಹಾಕಲು ಆಗುವುದಿಲ್ಲ. ಲೆಕ್ಕದ ತಪ್ಪುಗಳಿವೆ, ಅವನ್ನು ತಿದ್ದಬಹುದು. ಅದಕ್ಕಿಂತ ದೊಡ್ಡ ಕೊರತೆಯೆಂದರೆ ನಿಯಮಗಳೆಲ್ಲ ಬಾಯಿಪಾಠವಾಗಿ ಬಂದಿವೆ. ಬಾಬಾಬಾ (ಬಾಹು-ಬಾಹು-ಬಾಹು), ಬಾಕೋಬಾ (ಬಾಹು-ನಡುವಿನ ಕೋನ-ಬಾಹು), ಕೋಬಾಕೋ (ಕೋನ-ನಡುವಿನ ಬಾಹು-ಕೋನ), ಲಂವಿಬಾ (ಲಂಬಕೋನ-ವಿಕರ್ಣ-ಬಾಹು; ವಿಕರ್ಣವೆಂದರೆ ಲಂಬಕೋನದ ಎದುರಿನ ಬಾಹು) ಎಂದು ಮಕ್ಕಳು ಹೇಗೂ ಒಪ್ಪಿಸುತ್ತಾರೆ. ಈ ಮೂರು ಅಳತೆ ಕೊಟ್ಟರೆ ಎಷ್ಟು ಬೇರೆ ಬೇರೆ ತ್ರಿಭುಜ ಎಳೆಯಬಹುದು ಎಂಬ ಪ್ರಶ್ನೆಯನ್ನು ನೀವು ಒಮ್ಮೆಯೂ ಕೇಳಿಲ್ಲ. ಒಂದೇ ಬಂದರೆ ಅದು ಸರ್ವಸಮತೆಯ ನಿಯಮ, ಎರಡು ಬಂದರೆ ಅಲ್ಲ. ಲೇಖನವನ್ನು ಈ ಪ್ರಶ್ನೆಯಿಂದ ಹಿಡಿದು ಮತ್ತೆ ಬರೆಯಿರಿ.

ಮೊದಲ ಚಿತ್ರದಲ್ಲಿ ಬಾಹುಗಳಿಗೆ 4, 5, 10 ಸೆಂ.ಮೀ. ಎಂದು ಬರೆದಿದ್ದೀರಿ. ಅಂಥ ತ್ರಿಭುಜವೇ ಇಲ್ಲ. 10 ಸೆಂ.ಮೀ. ಗೆರೆ ಎಳೆದು ಒಂದು ತುದಿಯಿಂದ 4, ಇನ್ನೊಂದು ತುದಿಯಿಂದ 5 ಸೆಂ.ಮೀ. ಕಂಸ ಹಾಕಿದರೆ ಅವು ಸೇರುವುದಿಲ್ಲ, ಗೆರೆಯ ಮೇಲೆ 1 ಸೆಂ.ಮೀ. ಖಾಲಿ ಉಳಿಯುತ್ತದೆ. ಕೈವಾರ ಹಿಡಿದ ಯಾವ ಹುಡುಗಿಯಾದರೂ ಇದನ್ನು ಕಂಡುಹಿಡಿಯುತ್ತಾಳೆ. ಆಮೇಲೆ ಉಳಿದ ಚಿತ್ರಗಳನ್ನೂ ಅವಳು ನಂಬುವುದಿಲ್ಲ.

ವಿಧಗಳ ಭಾಗದಲ್ಲಿ ಸಮಬಾಹು, ಸಮದ್ವಿಬಾಹು, ಅಸಮಬಾಹು, ಲಘುಕೋನ, ಲಂಬಕೋನ, ವಿಶಾಲಕೋನ ಎಂದು ಆರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದೀರಿ. ಓದಿದ ಮಗು ಒಂದು ತ್ರಿಭುಜ ಇವುಗಳಲ್ಲಿ ಯಾವುದೋ ಒಂದಾಗಿರಬೇಕು ಎಂದುಕೊಳ್ಳುತ್ತದೆ. ಬಾಹುಗಳಿಂದ ವಿಂಗಡಿಸುವುದು ಬೇರೆ, ಕೋನಗಳಿಂದ ವಿಂಗಡಿಸುವುದು ಬೇರೆ. ಮೂರು ಸಾಲು, ಮೂರು ಕಂಬದ ಕೋಷ್ಟಕ ಹಾಕಿ. ಸಾಲಿಗೆ ‘ಮೂರೂ ಬಾಹು ಸಮ’, ‘ಎರಡು ಮಾತ್ರ ಸಮ’, ‘ಯಾವುದೂ ಸಮವಲ್ಲ’ ಎಂದೂ, ಕಂಬಕ್ಕೆ ಲಘು, ಲಂಬ, ವಿಶಾಲ ಎಂದೂ ಬರೆಯಿರಿ. ಒಂಬತ್ತು ಮನೆಗಳಲ್ಲಿ ಏಳು ತುಂಬುತ್ತವೆ. 5, 5, 6 ಸಮದ್ವಿಬಾಹು ಲಘುಕೋನ, 5, 5, 8 ಸಮದ್ವಿಬಾಹು ವಿಶಾಲಕೋನ. 4, 5, 6 ಅಸಮಬಾಹು ಲಘುಕೋನ, 3, 4, 5 ಅಸಮಬಾಹು ಲಂಬಕೋನ. 3, 5, 7ರಲ್ಲಿ ಒಂದು ಕೋನ ಸರಿಯಾಗಿ 120 ಡಿಗ್ರಿ. ಸಮಬಾಹುವಿನ ಸಾಲಿನಲ್ಲಿ ಲಂಬ, ವಿಶಾಲ ಎರಡೂ ಖಾಲಿ ಬೀಳುತ್ತವೆ. ಏಕೆ ಖಾಲಿ ಎಂದು ಮಕ್ಕಳನ್ನೇ ಕೇಳಿ, ಉತ್ತರ ಕೊಡಬೇಡಿ.

ಅಲ್ಲಿಯೇ ಇನ್ನೊಂದು ತೊಡಕಿದೆ. ಮೊದಲ ಪುಟದಲ್ಲಿ ಸಮದ್ವಿಬಾಹುವಿಗೆ ‘ಎರಡು ಬಾಹು ಮಾತ್ರ ಸಮ’ ಎನ್ನುತ್ತೀರಿ. ಮುಂದೆ, ಸಮದ್ವಿಬಾಹುವಿನ ಪಾದಕೋನಗಳು ಸಮವಾದ್ದರಿಂದ ಸಮಬಾಹುವಿನ ಮೂರೂ ಕೋನ ಸಮ ಎಂದು ಸಾಧಿಸುತ್ತೀರಿ. ಈ ಸಾಧನೆ ನಿಲ್ಲಬೇಕಾದರೆ ಸಮಬಾಹುವೂ ಸಮದ್ವಿಬಾಹುವೇ ಆಗಿರಬೇಕು. ‘ಕನಿಷ್ಠ ಎರಡು ಬಾಹು ಸಮ’ ಎಂದು ತಿದ್ದಿ. ಸಮದ್ವಿಬಾಹುವನ್ನು ಓರೆಯಾಗಿ, ತಲೆಕೆಳಗಾಗಿಯೂ ಬರೆಯಿರಿ. ಯಾವಾಗಲೂ ಪಾದ ಕೆಳಗಿದ್ದರೆ, ತಿರುಗಿಸಿದ ಚಿತ್ರವನ್ನು ಮಕ್ಕಳು ಗುರುತಿಸುವುದಿಲ್ಲ.

‘ಮೂರೂ ಕೋನ ಸಮವಾದರೆ ತ್ರಿಭುಜಗಳು ಸರ್ವಸಮ’ ಎಂಬ ವಾಕ್ಯ ಪೂರ್ತಿ ತಪ್ಪು, ತೆಗೆಯಲೇಬೇಕು. ಜಾಮಿಟ್ರಿ ಬಾಕ್ಸಿನ 30-60-90ರ ಮೂಲೆಮಟ್ಟವನ್ನು ಮೇಷ್ಟ್ರು ಬೋರ್ಡಿಗೆ ಬಳಸುವ ದೊಡ್ಡ ಮೂಲೆಮಟ್ಟದ ಪಕ್ಕದಲ್ಲಿಟ್ಟರೆ ಸಾಕು. ಕೋನಗಳು ಒಂದೇ, ಗಾತ್ರ ಬೇರೆ. ಅವು ಸಮರೂಪ, ಸರ್ವಸಮವಲ್ಲ.

ಲೇಖನದ ಜೀವಾಳವಾಗಬೇಕಿದ್ದ ಜಾಗದಲ್ಲಿ ನೀವು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ: ‘ಬಾಬಾಕೋ ನಿಯಮವಿಲ್ಲ.’ ಎರಡು ಬಾಹು, ಅವುಗಳ ನಡುವೆ ಇರದ ಒಂದು ಕೋನ – ಇವಿಷ್ಟೇ ಕೊಟ್ಟರೆ ನಿಯಮ ಏಕೆ ಇಲ್ಲ? ಇದಕ್ಕೆ ಅರ್ಧ ಪುಟ ಕೊಡಿ, ಮಕ್ಕಳ ಕೈಯಲ್ಲೇ ಎಳೆಸಿ. ಅಡ್ಡಲಾಗಿ 12 ಸೆಂ.ಮೀ. ಗೆರೆ, ಎಡತುದಿ ಎ. ಅಲ್ಲಿ ಕೋನಮಾಪಕದಿಂದ 30 ಡಿಗ್ರಿ ಗುರುತಿಸಿ, ಆ ದಿಕ್ಕಿನಲ್ಲಿ 6 ಸೆಂ.ಮೀ. ದೂರಕ್ಕೆ ಬಿ. ಈಗ ಕೈವಾರವನ್ನು 4 ಸೆಂ.ಮೀ. ತೆರೆದು ಬಿ ಮೇಲೆ ಮುಳ್ಳನ್ನಿಟ್ಟು ಕಂಸ ಎಳೆಯಬೇಕು. ಕಂಸ ಅಡ್ಡಗೆರೆಯನ್ನು ಎರಡು ಕಡೆ ಕಡಿಯುತ್ತದೆ, ಎ ಇಂದ ಸುಮಾರು 2.6 ಸೆಂ.ಮೀ. ದೂರದಲ್ಲಿ ಒಮ್ಮೆ, 7.8 ಸೆಂ.ಮೀ. ದೂರದಲ್ಲಿ ಇನ್ನೊಮ್ಮೆ. ಎರಡೂ ಕಡೆ ಸಿ ಇಡಬಹುದು. ಕೊಟ್ಟ ಅಳತೆ ಅದೇ 6, 4 ಮತ್ತು 30 ಡಿಗ್ರಿ, ತ್ರಿಭುಜ ಮಾತ್ರ ಎರಡು. ಎರಡೂ ವಿಶಾಲಕೋನ ತ್ರಿಭುಜಗಳೇ ಆದ್ದರಿಂದ ವಿಧದ ಹೆಸರು ಹೇಳಿದರೂ ಯಾವುದೆಂದು ತೀರ್ಮಾನವಾಗದು. ಇಲ್ಲಿ ಮಕ್ಕಳು ತಪ್ಪುವುದು ಒಂದೇ ಕಡೆ: ಕಂಸವನ್ನು ಚೂರೇ ಎಳೆದು, ಒಂದು ಕಡಿತ ಕಂಡ ಕೂಡಲೇ ನಿಲ್ಲಿಸುತ್ತಾರೆ. ಗೆರೆಯನ್ನು ದಾಟಿ ಮತ್ತೆ ಮೇಲೆ ಬರುವವರೆಗೂ ಕೈವಾರ ತಿರುಗಿಸಿ ಎಂದು ಸ್ಪಷ್ಟವಾಗಿ ಬರೆಯಿರಿ.

ಆಮೇಲೆ 4ರ ಬದಲು ಬೇರೆ ಅಳತೆ ತೆಗೆದುಕೊಳ್ಳಲಿ. ಬಿ ಇಂದ ಅಡ್ಡಗೆರೆಗೆ ನೇರ ಎತ್ತರ 3 ಸೆಂ.ಮೀ. ಕೈವಾರವನ್ನು 2 ಇಟ್ಟರೆ ಕಂಸ ಗೆರೆಯನ್ನು ಮುಟ್ಟುವುದೇ ಇಲ್ಲ. 7 ಇಟ್ಟರೆ ಎ ಬಲಕ್ಕೆ ಒಂದೇ ಕಡೆ ಕಡಿಯುತ್ತದೆ. ಸರಿಯಾಗಿ 3 ಇಟ್ಟರೆ ಒಂದೇ ಬಿಂದುವನ್ನು ಸವರಿಕೊಂಡು ಹೋಗುತ್ತದೆ, ಅಲ್ಲಿ ಲಂಬಕೋನ. ಲಂವಿಬಾ ನಿಯಮಕ್ಕೆ ಇಲ್ಲಿಂದಲೇ ದಾರಿ ಸಿಗುತ್ತದೆ. ಅಲ್ಲೂ ಕೋನ ಎರಡು ಬಾಹುಗಳ ನಡುವೆ ಇಲ್ಲ, ಆದರೂ ನಿಯಮ ನಿಲ್ಲುತ್ತದೆ, ಏಕೆಂದರೆ ವಿಕರ್ಣವೂ ಒಂದು ಬಾಹುವೂ ಗೊತ್ತಾದರೆ ಪೈಥಾಗೊರಸ್ ಪ್ರಮೇಯದಿಂದ ಮೂರನೆಯದು ನಿಗದಿಯಾಗುತ್ತದೆ.

ಎರಡು ಕೋನ, ಒಂದು ಬಾಹು ಇದ್ದಾಗ ಬಾಹು ಎಲ್ಲಿದೆ ಎಂಬುದನ್ನು ಬಿಡಬೇಡಿ. 50, 60 ಡಿಗ್ರಿಗಳ ನಡುವೆ 5 ಸೆಂ.ಮೀ. ಇರುವ ತ್ರಿಭುಜವೂ, 50ರ ಎದುರಿಗೆ 5 ಸೆಂ.ಮೀ. ಇರುವ ತ್ರಿಭುಜವೂ ಒಂದೇ ಅಲ್ಲ. ಬಾಕೋಬಾವನ್ನು ‘ಸಾಧಿಸಿದೆವು’ ಎಂದಿರುವುದನ್ನೂ ತಿದ್ದಿ. 9ನೇ ತರಗತಿಯಲ್ಲಿ ಅದನ್ನು ಸ್ವಯಂಸಿದ್ಧವೆಂದು (ಸಾಧನೆಯಿಲ್ಲದೆ) ಒಪ್ಪಿಕೊಂಡು, ಅದರ ಬಲದಿಂದ ಕೋಬಾಕೋವನ್ನು ಸಾಧಿಸುತ್ತಾರೆ. ಎಬಿಸಿ, ಪಿಕ್ಯೂಆರ್ ಸರ್ವಸಮ ಎಂದು ಬರೆದು, ಚಿತ್ರದಲ್ಲಿ ಎ ಕೋನಕ್ಕೆ ಕ್ಯೂ ಕೋನವನ್ನು ಸಮ ತೋರಿಸಿದ್ದೀರಿ. ಶೃಂಗಗಳನ್ನು ಬರೆಯುವ ಕ್ರಮವೇ ಯಾವುದು ಯಾವುದಕ್ಕೆ ಅನುರೂಪ ಎಂದು ಹೇಳುತ್ತದೆ. ಕ್ರಮ ತಪ್ಪಿದರೆ ಮುಂದಿನ ಬಾಹುಗಳೆಲ್ಲ ತಪ್ಪುತ್ತವೆ, ಪರೀಕ್ಷೆಯಲ್ಲಿ ಅಂಕವೂ ಹೋಗುತ್ತದೆ.

ಬೇಲೂರಿನ ಚೆನ್ನಕೇಶವ ದೇವಾಲಯದ ಉದಾಹರಣೆ ಇರಲಿ, 1117 ಎಂಬ ಇಸವಿಯೂ ಸರಿ. ಆದರೆ ನಕ್ಷತ್ರಾಕಾರದ ಜಗತಿಯ (ದೇವಾಲಯ ನಿಂತಿರುವ ಎತ್ತರದ ಕಟ್ಟೆಯ) ಮೊನೆಗಳೆಲ್ಲ ‘ಸಮಬಾಹು ತ್ರಿಭುಜಗಳು’ ಎಂದದ್ದು ಒಪ್ಪುವಂಥದ್ದಲ್ಲ. ಹೊಯ್ಸಳರ ನಕ್ಷತ್ರ ವಿನ್ಯಾಸವನ್ನು ಒಂದೇ ಚೌಕವನ್ನು ಕೇಂದ್ರದ ಸುತ್ತ ತಿರುಗಿಸಿ ಪಡೆದದ್ದೆಂದು ದೇವಾಲಯ ವಾಸ್ತುವನ್ನು ಅಧ್ಯಯನ ಮಾಡಿದವರು ವಿವರಿಸುತ್ತಾರೆ. ಚೌಕದ ಮೂಲೆ 90 ಡಿಗ್ರಿ, 60 ಅಲ್ಲ. ಮಕ್ಕಳಿಗೆ ಸರಳವಾದದ್ದನ್ನು ಕೊಡಿ: 12 ಸೆಂ.ಮೀ. ಬಾಹುವಿನ ಎರಡು ಕಾಗದದ ಚೌಕ, ಕೇಂದ್ರ ಸೇರಿಸಿ ಒಂದನ್ನು 45 ಡಿಗ್ರಿ ತಿರುಗಿಸಿ ಅಂಟಿಸುವುದು. ಎಂಟು ಮೊನೆ ಬರುತ್ತವೆ. ಪ್ರತಿಯೊಂದೂ ಲಂಬಕೋನ ಸಮದ್ವಿಬಾಹು, ಸಮ ಬಾಹುಗಳು ಸುಮಾರು 3.5, ಪಾದ ಸುಮಾರು 5 ಸೆಂ.ಮೀ. ಎಂಟೂ ಸರ್ವಸಮವೇ ಎಂದು ಕತ್ತರಿಸಿ ಒಂದರ ಮೇಲೊಂದಿಟ್ಟು ನೋಡಬಹುದು.

ಮಲೆನಾಡಿನ ಹೆಂಚಿನ ಮಾಡಿನ ಭಾಗ ನಮಗೆ ತುಂಬ ಹಿಡಿಸಿತು, ಅದನ್ನು ಬೆಳೆಸಿ. ಎರಡೂ ಬದಿಯ ಪಕಾಸಿ (ಮಾಡಿನ ಇಳಿಜಾರಿನ ಮರ) 10 ಅಡಿ, ನಡುವಿನ ಕಂಬ 6 ಅಡಿ ಎಂದಿಟ್ಟುಕೊಳ್ಳಿ. ಕಂಬ ಕೆಳಗಿನ ತೊಲೆಗೆ ಲಂಬವಾಗಿದ್ದರೆ ಎಡಬಲದ ತ್ರಿಭುಜಗಳು ಲಂವಿಬಾದಿಂದ ಸರ್ವಸಮ, ಆಗ ಕಂಬದ ಬುಡ ಎರಡೂ ಕಡೆಯಿಂದ 8 ಅಡಿಗೆ ಬೀಳುತ್ತದೆ. ಬಡಗಿ ಇದನ್ನು ತಿರುಗಿಸಿ ಬಳಸಬಹುದು: ಪಕಾಸಿಗಳು ಸಮವಾಗಿದ್ದು ಕಂಬ ತೊಲೆಯ ನಟ್ಟನಡುವೆ ನಿಂತಿದ್ದರೆ ಬಾಬಾಬಾದಿಂದ ತ್ರಿಭುಜಗಳು ಸರ್ವಸಮ, ಆದ್ದರಿಂದ ಕಂಬ ತೊಲೆಗೆ ಲಂಬವಾಗಿಯೇ ಇದೆ. ಬಾಬಾಬಾವನ್ನು ಇಲ್ಲಿಗೇ ತನ್ನಿ, ಬೇರೆ ಉದಾಹರಣೆ ಬೇಡ.

ಪೀಠಿಕೆಯ ಎರಡು ಪ್ಯಾರಾ ಪೂರ್ತಿ ಬಿಡಿ. ಚಿತ್ರ ಐದು ಸಾಕು. ಪ್ರತಿಯೊಂದನ್ನೂ ಕೈವಾರ, ಅಳತೆಪಟ್ಟಿಯಿಂದಲೇ ಎಳೆದು, ಅಳತೆಯನ್ನು ಪಕ್ಕದಲ್ಲಿ ಬರೆದು, ಕಂಸಗಳನ್ನು ಅಳಿಸದೆ ಕಳಿಸಿ. ಬಾಬಾಕೋ ಚಿತ್ರ ಅರ್ಧ ಪುಟದಷ್ಟು ದೊಡ್ಡದಿರಲಿ. ತಿದ್ದಿದ ಪ್ರತಿ ಬಂದರೆ ಖಂಡಿತ ಓದುತ್ತೇವೆ.

– ಸಂಪಾದಕರು, ಹಾಸನ