ಮೊದಲು ಪ್ಲಗ್ ಹಾಕದೆ ನುಡಿಸಿ ನೋಡಿ

ತಂತಿವಾದ್ಯ: ಓದುಗರ ಪ್ರಶ್ನೆ, ಕಾರವಾರದ ರಿಪೇರಿ ಮೇಜಿನಿಂದ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಎಲೆಕ್ಟ್ರಿಕ್ ಗಿಟಾರಿನ ಬಗ್ಗೆಯೇ. ಅಡಿಕೆ ದುಡ್ಡು ಕೈಗೆ ಬಂದ ಹೊತ್ತು, ಮಕ್ಕಳಿಗೆ ರಜೆ. ಎರಡೂ ಕೂಡಿದರೆ ಹೀಗೇ. ಹೆಸರು ಹಾಕಬೇಡಿ ಎಂದವರೇ ಜಾಸ್ತಿ, ಹಾಗಾಗಿ ಎಲ್ಲರದ್ದೂ ಊರು ಮಾತ್ರ.

ಪ್ರಶ್ನೆ: ನಮ್ಮದು ಅಡಿಕೆ ತೋಟದ ಮನೆ. ಮಗಳು ಪಿಯುಸಿ ಮುಗಿಸಿದ್ದಾಳೆ, ಸಣ್ಣವಳಿರುವಾಗಿಂದ ಹಿಂದೂಸ್ತಾನಿ ಹಾಡುತ್ತಾಳೆ. ಈಗ ಎಲೆಕ್ಟ್ರಿಕ್ ಗಿಟಾರ್ ಬೇಕೆಂದು ಹಟ. ಮೊದಲು ಸಾದಾ ಗಿಟಾರ್ ಕಲಿ, ಆಮೇಲೆ ಕರೆಂಟಿನದ್ದು ನೋಡುವಾ ಎಂದರೆ ಕೇಳುವುದಿಲ್ಲ. 25 ಸಾವಿರ ತೆಗೆದಿಟ್ಟಿದ್ದೇನೆ. ಯಾವುದನ್ನು, ಎಲ್ಲಿಂದ ತರಲಿ? ಇಷ್ಟು ವರ್ಷ ಕಲಿತ ಸಂಗೀತ ಇದರಿಂದ ಕೆಡುವುದಿಲ್ಲವೆ?
ಒಬ್ಬ ಅಪ್ಪ, ಶಿರಸಿ ತಾಲ್ಲೂಕು

ಉತ್ತರ: ರಾಯರೆ, ಈ ಜಗಳದಲ್ಲಿ ನಾನು ಕೂಸಿನ ಪಕ್ಷ. ಸಾದಾ ಗಿಟಾರ್ ಕಲಿತವರಿಗೇ ಎಲೆಕ್ಟ್ರಿಕ್ ಎಂಬ ನಿಯಮ ಯಾರು ಮಾಡಿದರೋ ಗೊತ್ತಿಲ್ಲ. ಅಕೌಸ್ಟಿಕ್ ಗಿಟಾರಿಗೆ ಸಾಮಾನ್ಯವಾಗಿ ಹಾಕುವ ಮೊದಲನೇ ತಂತಿ 12ರದ್ದು, ಅಂದರೆ ಇಂಚಿನ ಸಾವಿರದಲ್ಲಿ 12 ಭಾಗ ದಪ್ಪ. ಎಲೆಕ್ಟ್ರಿಕ್‌ಗೆ 9 ಅಥವಾ 10. ಹೊಸ ಬೆರಳಿಗೆ ಯಾವುದು ಸಲೀಸು ಎಂದು ನೀವೇ ಹೇಳಿ. ಇನ್ನೊಂದು ಮಾತು ನಮ್ಮ ಮಳೆಯದ್ದು. ಅಕೌಸ್ಟಿಕ್‌ನ ಹೊಟ್ಟೆ ಟೊಳ್ಳು, ಮೇಲಿನ ಹಲಗೆ ತೆಳು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಲೆನಾಡಿನ ಶೀತ ಕುಡಿದು ಅದು ಉಬ್ಬುತ್ತದೆ, ತಂತಿಗಳನ್ನು ಹೊಟ್ಟೆಯ ಮೇಲೆ ಹಿಡಿದಿಡುವ ಬ್ರಿಜ್ ಎದ್ದು ಬರುತ್ತದೆ. ಪ್ರತಿ ಮಳೆಗಾಲದ ಕೊನೆಗೆ ನನ್ನ ಮೇಜಿನ ಮೇಲೆ ಅಂಥವೇ ಸಾಲುಗಟ್ಟಿ ಮಲಗಿರುತ್ತವೆ. ಎಲೆಕ್ಟ್ರಿಕ್‌ನ ಮೈ ಇಡೀ ಮರದ ತುಂಡು. ಅದಕ್ಕೆ ಅಷ್ಟು ಬೇಗ ಏನೂ ಆಗುವುದಿಲ್ಲ.

ಸಂಗೀತ ಕೆಡುವ ಚಿಂತೆ. ಮಾರಾಟಕ್ಕೆ ಬಂದ ಮೊದಲ ಎಲೆಕ್ಟ್ರಿಕ್ ಗಿಟಾರುಗಳಲ್ಲಿ ಹೆಸರಾದದ್ದು 1932ರ ರಿಕನ್‌ಬ್ಯಾಕರ್. ಅದು ಎದೆಗೆ ಆನಿಸಿ ನುಡಿಸುವಂಥದ್ದಲ್ಲ, ತೊಡೆಯ ಮೇಲೆ ಮಲಗಿಸಿ ಲೋಹದ ಸಲಾಕೆ ಜಾರಿಸುವ ಹವಾಯಿ ಪದ್ಧತಿಯದ್ದು. ಹಾಗೆ ಮಲಗಿಸಿ ಜಾರಿಸುವ ಕ್ರಮದಲ್ಲೇ ನಮ್ಮ ಬ್ರಿಜ್ ಭೂಷಣ್ ಕಾಬ್ರಾ, ವಿಶ್ವಮೋಹನ ಭಟ್ಟರು ಗಿಟಾರಿನಲ್ಲಿ ರಾಗ ಹಾಡಿಸಿದರು. ದಕ್ಷಿಣದಲ್ಲಿ ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದೇ ಕಛೇರಿ ಕಟ್ಟಿದರು. ಕರೆಂಟು ರಾಗಕ್ಕೆ ವೈರಿಯಲ್ಲ. ಒಂದು ವ್ಯತ್ಯಾಸ ಮಾತ್ರ ಅವಳಿಗೆ ಮೊದಲ ವಾರದಲ್ಲೇ ಕೇಳುತ್ತದೆ: ಫ್ರೆಟ್ಟಿನ (ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಯ) ಗಾಂಧಾರ ಅವಳ ಗಂಟಲಿನ ಶುದ್ಧ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಏರು. ಅರ್ಧ ಸ್ವರಕ್ಕೆ 100 ಸೆಂಟ್ ಎಂಬುದು ಲೆಕ್ಕ. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಅದರಲ್ಲೂ ಸಾಮಾನ್ಯವಾಗಿ ಇದೇ ಕತೆ, ಅವಳ ಕಿವಿಗೆ ಅಭ್ಯಾಸ ಇರುತ್ತದೆ. ಮೀಂಡಿಗೆ, ಅಂದರೆ ಸ್ವರದಿಂದ ಸ್ವರಕ್ಕೆ ಜಾರಲಿಕ್ಕೆ, ತಂತಿಯನ್ನು ಅಡ್ಡಕ್ಕೆ ಎಳೆಯಬೇಕು, ಅದು 9ರ ತಂತಿಯಲ್ಲಿ ಸುಲಭ. ಅಂಗಡಿಯವರು 10ರದ್ದು ಹಾಕಿಟ್ಟಿದ್ದರೆ ಬದಲಿಸಿ ಕೊಡಿ ಎನ್ನಿ.

ಇನ್ನು ದುಡ್ಡು. 25 ಸಾವಿರವನ್ನೂ ಗಿಟಾರಿಗೇ ಸುರಿಯಬೇಡಿ. ಆಂಪ್, ಅಂದರೆ ಧ್ವನಿ ಹೆಚ್ಚಿಸುವ ಪೆಟ್ಟಿಗೆ, ಇಲ್ಲದ ಎಲೆಕ್ಟ್ರಿಕ್ ಗಿಟಾರ್ ಪಕ್ಕದ ಕೋಣೆಗೂ ಕೇಳುವುದಿಲ್ಲ. ಗಿಟಾರಿಗೆ 16-17 ಸಾವಿರ ಇಟ್ಟುಕೊಳ್ಳಿ, ಆಂಪಿಗೆ ಐದಾರು, ಉಳಿದದ್ದು ಕೇಬಲ್, ಚೀಲ, ಟ್ಯೂನರ್, ಎರಡು ಸೆಟ್ ತಂತಿ ಮತ್ತು ಸೆಟಪ್ಪಿಗೆ, ಅಂದರೆ ತಂತಿಯ ಎತ್ತರ, ಶ್ರುತಿ ಹೊಂದಿಸಿ ಕೊಡುವ ಕೆಲಸಕ್ಕೆ. ಹತ್ತು ವಾಟಿನ ಪ್ರಾಕ್ಟೀಸ್ ಆಂಪ್ ಜಗಲಿಗೆ ಸಾಕೋ ಸಾಕು. ಮನೆಯಲ್ಲಿ ಹಿರಿಯರು ಬೇಗ ಮಲಗುವವರಾದರೆ ಗಿಟಾರಿಗೇ ಚುಚ್ಚಿ ಇಯರ್‌ಫೋನಿನಲ್ಲಿ ಕೇಳುವ ಸಣ್ಣ ಹೆಡ್‌ಫೋನ್ ಆಂಪ್ ತನ್ನಿ. ಇನ್ನೂ ಅಗ್ಗ, ಇನ್ನೂ ಶಾಂತಿ.

ಈ ದರಕ್ಕೆ ಯಮಹಾ ಪೆಸಿಫಿಕಾದ ಕೆಳಗಿನ ಮಾಡೆಲ್ಲು, ಫೆಂಡರ್‌ನವರದ್ದೇ ಆದ ಸ್ಕ್ವಾಯರ್, ಐಬನೇಜ್‌ನ ಜಿಯೊ ಸಾಲು, ಕೊರಿಯಾದ ಕೋರ್ಟ್, ಇವುಗಳಲ್ಲಿ ಒಂದು ಸಿಗುತ್ತದೆ. ನಾಲ್ಕರಲ್ಲಿ ಯಾವುದಾದರೂ ಆದೀತು, ಹೆಸರಿಗಾಗಿ ತಲೆ ಕೆಡಿಸಿಕೊಳ್ಳಬೇಡಿ. ನೋಡಬೇಕಾದದ್ದು ಪಿಕಪ್. ಆಯಸ್ಕಾಂತಕ್ಕೆ ಕೂದಲಿನಷ್ಟು ಸಪೂರದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ್ದೇ ಪಿಕಪ್. ಮೇಲೆ ಉಕ್ಕಿನ ತಂತಿ ಕಂಪಿಸಿದರೆ ಅದರಲ್ಲಿ ಕರೆಂಟು ಹುಟ್ಟುತ್ತದೆ. ಒಂದೇ ಸುರುಳಿಯ ಸಿಂಗಲ್ ಕಾಯಿಲ್‌ನ ಸ್ವರ ತಿಳಿ, ಆದರೆ ಮನೆಯ ವಯರಿಂಗಿನ 50 ಹರ್ಟ್ಸ್‌ನ ಗುಂಯ್‌ಗುಡುವಿಕೆಯನ್ನೂ ಅದು ಹಿಡಿದುಕೊಳ್ಳುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಸುರುಳಿಗಳನ್ನು ಒಂದಕ್ಕೊಂದು ಉಲ್ಟಾ ಜೋಡಿಸಿ ಆ ಗುಂಯ್ ತನ್ನಷ್ಟಕ್ಕೆ ಕಳೆದುಹೋಗುವಂತೆ ಮಾಡಿದರು. ಅದೇ ಹಂಬಕರ್. ಮಳೆಗಾಲವಿಡೀ ಇನ್ವರ್ಟರ್ ಮೇಲೆ ಬದುಕುವ ಮನೆಗಳಿಗೆ ನಾನು ಹೇಳುವುದು ಬ್ರಿಜ್ ಹತ್ತಿರ ಒಂದು ಹಂಬಕರ್, ಉಳಿದೆರಡು ಸಿಂಗಲ್ ಇರುವ ಗಿಟಾರ್. ಅಂಗಡಿಯಲ್ಲಿ ಎಚ್‌ಎಸ್‌ಎಸ್ ಎಂದರೆ ತಿಳಿಯುತ್ತದೆ. ಫ್ಲಾಯ್ಡ್ ರೋಸ್ ಎಂಬ ತೇಲುವ ಬ್ರಿಜ್ ಇರುವುದನ್ನು ಮಾತ್ರ ಬೇಡವೇ ಬೇಡ ಎನ್ನಿ. ಒಂದು ತಂತಿ ತುಂಡಾದರೆ ಉಳಿದ ಐದರ ಶ್ರುತಿಯೂ ಹೋಗುತ್ತದೆ, ಸರಿಮಾಡುವವರು ಶಿರಸಿಯಲ್ಲಿ ಎಲ್ಲಿ ಸಿಗಬೇಕು?

ಎಲ್ಲಿ ಎಂದಿರಿ. ನಿಮಗೆ ಹುಬ್ಬಳ್ಳಿ ನೂರು ಕಿಲೋಮೀಟರಿನ ಆಸುಪಾಸು. ನಮಗೆ ಕಾರವಾರದವರಿಗೆ ಮಡಗಾಂವ್ ಹತ್ತಿರ. ಆನ್‌ಲೈನಿನಲ್ಲಿ ಸಾವಿರ ರೂಪಾಯಿ ಕಮ್ಮಿ ಇದ್ದರೂ ಮಗಳನ್ನು ಕರೆದುಕೊಂಡೇ ಹೋಗಿ. ತಂಬೂರಿ ತರುವುದಾದರೆ ಮೀರಜ್ ತನಕ ಹೋಗಿ ನುಡಿಸಿ ನೋಡದೆ ತರುತ್ತಿದ್ದಿರಾ?

ಅಂಗಡಿಯೊಳಗೆ ಹೋದ ಕೂಡಲೆ ದೊಡ್ಡ ಆಂಪಿಗೆ ಸಿಕ್ಕಿಸಿ, ಡಿಸ್ಟಾರ್ಶನ್ ಏರಿಸಿ, ಅಲ್ಲಿನ ಹುಡುಗ ಒಂದು ಸೋಲೊ ಬಾರಿಸುತ್ತಾನೆ. ಆ ಗದ್ದಲದಲ್ಲಿ ಯಾವ ಗಿಟಾರೂ ಚಂದವೇ. ನೀವು ಮೊದಲು ಪ್ಲಗ್ ಹಾಕದೆ ಕೇಳಿ. ಆರೂ ತಂತಿಗಳಲ್ಲಿ ಒಂದೊಂದೇ ಮನೆ (ಎರಡು ಫ್ರೆಟ್ಟಿನ ನಡುವಿನ ಜಾಗ) ಒತ್ತಿ ಸಾವಕಾಶ ನುಡಿಸಲಿ. ತಂಬೂರಿಯಲ್ಲಿ ದಾರ ಸರಿಸಿ ಬರಿಸುವ ಜವಾರಿ ಅವಳಿಗೆ ಗೊತ್ತು. ಇಲ್ಲಿ ಹಾಗೆ ಝರ್ ಎನ್ನಬಾರದು. ಒಂದೇ ಮನೆಯಲ್ಲಿ ಝರ್ ಎಂದರೆ ಅದರ ಮುಂದಿನ ಫ್ರೆಟ್ ಎದ್ದಿದೆ ಎಂದರ್ಥ, ಆ ಗಿಟಾರ್ ಬೇಡ. ಎಲ್ಲ ಕಡೆ ಒಂದೇ ಸಮ ಝರ್ ಎಂದರೆ ತಂತಿ ತೀರ ಕೆಳಗಿದೆ ಅಷ್ಟೆ, ಸೆಟಪ್‌ನಲ್ಲಿ ಸರಿಹೋಗುತ್ತದೆ. ಹನ್ನೆರಡನೇ ಫ್ರೆಟ್ಟಿನ ಮೇಲೆ ದಪ್ಪ ತಂತಿ 2 ಮಿಲಿಮೀಟರ್, ಸಪೂರದ್ದು 1.5 ಮಿಲಿಮೀಟರ್ ಎತ್ತರದಲ್ಲಿದ್ದರೆ ಹಿತ. ಅದೇ ಹನ್ನೆರಡನೆಯದರ ಮೇಲೆ ತಂತಿಯನ್ನು ಮುಟ್ಟಿಯೂ ಮುಟ್ಟದ ಹಾಗೆ ಮೀಟಿದರೆ ತಾರ ಷಡ್ಜ ಬರುತ್ತದೆ. ಆಮೇಲೆ ಅಲ್ಲೇ ಒತ್ತಿ ಮೀಟಲಿ. ಎರಡೂ ಒಂದೇ ಆಗಿರಬೇಕು. ಈ ಪರೀಕ್ಷೆಯಲ್ಲಿ ಅವಳ ಕಿವಿ ಅಂಗಡಿಯವನದ್ದಕ್ಕಿಂತ ಚುರುಕಿರುತ್ತದೆ, ನೋಡುತ್ತಿರಿ.

ಫ್ರೆಟ್ಟಿನ ತುದಿಗಳ ಮೇಲೆ ಅಂಗೈ ಸವರಿ, ಕೊರೆಯಬಾರದು. ಇಷ್ಟಾದ ಮೇಲೆ ಪ್ಲಗ್ ಹಾಕಿ, ಧ್ವನಿ ಏರಿಳಿಸುವ ಪ್ರತಿಯೊಂದು ಬಿರಡೆ, ಸ್ವಿಚ್ಚು ತಿರುಗಿಸಿ, ಕರಕರ ಎನ್ನುತ್ತದೋ ಕೇಳಿ. ಬಣ್ಣ ಅವಳೇ ಆರಿಸಲಿ. ಅದರಲ್ಲಿ ಅಪ್ಪಂದಿರು ಬಾಯಿ ಹಾಕಬಾರದು.

ಪ್ರಶ್ನೆ: ಮಡಗಾಂವ್‌ನಲ್ಲಿ ಹಡಗಿನ ಕೆಲಸಕ್ಕೆ ಹೊರಟ ಒಬ್ಬರು ತಮ್ಮ ಎಪಿಫೋನ್ ಲೆಸ್ ಪಾಲ್ ಮಾರುತ್ತಿದ್ದಾರೆ. ಫೋಟೊದಲ್ಲಿ ಹೊಸದರ ಹಾಗಿದೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಬಹುದೆ?
ಇಂಜಿನಿಯರಿಂಗ್ ವಿದ್ಯಾರ್ಥಿ, ಅಂಕೋಲಾ

ಉತ್ತರ: ತಮ್ಮಾ, ಫೋಟೊ ನೋಡಿ ದುಡ್ಡು ಕಳಿಸಬೇಡ, ರೈಲು ಹತ್ತು. ಎಪಿಫೋನ್ ಅಂದರೆ ಗಿಬ್ಸನ್ ಬಳಗದ್ದೇ, ಸಾಮಾನು ಒಳ್ಳೆಯದು. ಈ ಆಕಾರದ ಗಿಟಾರಿನ ತಲೆ ಹಿಂದಕ್ಕೆ ಬಾಗಿರುತ್ತದೆ. ಬಿದ್ದರೆ ಮುರಿಯುವುದು ಕುತ್ತಿಗೆ ತಲೆಗೆ ಸೇರುವ ಜಾಗದಲ್ಲೇ. ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯೇ ನಟ್ಟು. ಅದರ ಹಿಂಬದಿಯನ್ನು ಮೊಬೈಲ್ ಟಾರ್ಚಿನಲ್ಲಿ ಓರೆಯಾಗಿ ನೋಡು, ಕೂದಲೆಳೆಯಷ್ಟು ಗೆರೆ ಕಂಡರೂ ಅಂಟಿಸಿದ್ದೆಂದು ತಿಳಿ. ಅಂಟಿಸಿದ್ದು ನುಡಿಸಲು ಬಾರದು ಎಂದಲ್ಲ, ಆದರೆ ಹೊಸದರ ದರ ಕೊಡಬೇಡ.

ಗೋವಾದ ಕಡಲ ಗಾಳಿಯೂ ನಮ್ಮದರ ಹಾಗೇ ಉಪ್ಪು. ಬ್ರಿಜ್ಜಿನ ಸಣ್ಣ ಸ್ಕ್ರೂಗಳು ತಿರುಗುತ್ತವೆಯೇ ನೋಡು, ತುಕ್ಕಿಗೆ ಕಚ್ಚಿಕೊಂಡಿದ್ದರೆ ಶ್ರುತಿ ಹೊಂದಿಸಲಿಕ್ಕೆ ಬರುವುದಿಲ್ಲ. ಮೊದಲ ಐದು ಫ್ರೆಟ್ಟುಗಳಲ್ಲಿ ತಂತಿ ಕೊರೆದ ಗುಳಿ ಆಳವಾಗಿದ್ದರೆ ಫ್ರೆಟ್ ಬದಲಿಸುವ ಖರ್ಚನ್ನು ದರದಲ್ಲಿ ಕಳಿ. ಕೊನೆಗೆ ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕಟ್ಟಕಡೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿದು, ಏಳನೆಯದರ ಹತ್ತಿರ ಸಂದು ನೋಡು. ಒಂದು ಕಾಗದ ತೂರುವಷ್ಟಿದ್ದರೆ ಸರಿ. ಸಂದೇ ಇಲ್ಲ ಅಥವಾ ತುಂಬಾ ಇದೆ ಎಂದರೆ ಕುತ್ತಿಗೆಯೊಳಗೆ ಅದರ ಬಾಗು ಹೊಂದಿಸಲು ಇರುವ ಟ್ರಸ್ ರಾಡ್ ಎಂಬ ಸರಳನ್ನು ತಿರುಗಿಸಬೇಕು. ಆ ರಾಡ್ ತಿರುಗುತ್ತದೆಯೇ ಎಂದು ಅಲ್ಲೇ ಕಾಲು ಸುತ್ತು ತಿರುಗಿಸಿ ತೋರಿಸಲು ಹೇಳು. ಮಾರುವವನು ಬೇಡ ಎಂದರೆ ನೀನೂ ಬೇಡ ಎನ್ನು.

ಪ್ರಶ್ನೆ: ಮನೆ ಕಡಲಿಗೆ ಹತ್ತಿರ. ಗಿಟಾರ್ ತಂತಿ ಹಾಕಿದ ಕೆಲವೇ ವಾರದಲ್ಲಿ ತುಕ್ಕು ಹಿಡಿಯುತ್ತದೆ. ಉಪಾಯವೇನು?
ಗೃಹಿಣಿ, ಕಾರವಾರ

ಉತ್ತರ: ಅಕ್ಕಾ, ನಮ್ಮೂರಲ್ಲಿ ಕಿಟಕಿಯ ಸರಳೂ ತುಕ್ಕು ಹಿಡಿಯುತ್ತದೆ, ತಂತಿ ಏನು ಮಹಾ. ಗಿಟಾರನ್ನು ಗೋಡೆಗೆ ನೇತು ಹಾಕುವ ಶೋಕಿ ಬೆಂಗಳೂರಿಗೆ ಸರಿ, ಇಲ್ಲಿ ಚೀಲದೊಳಗೇ ಇರಲಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಬಣ್ಣ ಬದಲಿಸುವ ಜಾತಿಯದ್ದಾದರೆ ಒದ್ದೆಯಾದದ್ದು ಗೊತ್ತಾಗುತ್ತದೆ, ಬಿಸಿ ಮಾಡಿ ಮತ್ತೆ ಬಳಸಬಹುದು. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ತಂತಿಯ ಮೇಲೂ ಕೆಳಗೂ ಒರೆಸಿ. ಬೆವರೂ ಉಪ್ಪೇ. ಎಲಿಕ್ಸರ್‌ನಂಥ ಲೇಪ ಇರುವ ತಂತಿಗೆ ದುಪ್ಪಟ್ಟಿನ ಹತ್ತಿರ ದರ, ಆದರೆ ನಮ್ಮ ಹವೆಗೆ ಅದೇ ಕೊನೆಗೆ ಅಗ್ಗ. ತೆಂಗಿನೆಣ್ಣೆ ಹಚ್ಚಿ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಿರಿ. ಅಂಟಿಗೆ ಧೂಳು ಕೂತು ಧ್ವನಿ ಸತ್ತೇ ಹೋಗುತ್ತದೆ.

ಪ್ರಶ್ನೆ: ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಮೈಕಿಗೆ ಬಾಯಿ ತಂದಾಗ ತುಟಿಗೆ ಶಾಕ್ ಹೊಡೆಯಿತು. ಗಿಟಾರ್ ಕೆಟ್ಟಿದೆಯೆ? ಬೇರೆ ತರಬೇಕೆ?
ಗಾಯಕ, ಕುಮಟಾ

ಉತ್ತರ: ಗಿಟಾರ್ ಬದಲಿಸಿದರೆ ಹೊಸ ಗಿಟಾರಿನಲ್ಲೂ ಹೊಡೆಯುತ್ತದೆ ಮಾರಾಯರೆ. ಗಿಟಾರಿನ ತಂತಿಗಳು ಬ್ರಿಜ್ ಮೂಲಕ, ಕೇಬಲ್ ಮೂಲಕ ಆಂಪಿನ ಕಬ್ಬಿಣದ ಮೈಗೆ, ಅಲ್ಲಿಂದ ಅರ್ಥಿಂಗಿಗೆ ಕೂಡಿಕೊಂಡಿರುತ್ತವೆ. ಆಂಪ್ ಒಂದು ಸಾಕೆಟ್ಟಿನಲ್ಲಿ, ಮೈಕಿನ ಮಿಕ್ಸರ್ ಇನ್ನೊಂದರಲ್ಲಿ, ಎರಡರಲ್ಲಿ ಒಂದಕ್ಕೆ ಅರ್ಥ್ ಇಲ್ಲ ಎಂದರೆ ನಡುವಿನ ವ್ಯತ್ಯಾಸ ನಿಮ್ಮ ಕೈಯಿಂದ ತುಟಿಗೆ ಹರಿಯುತ್ತದೆ. ಮಳೆಗೆ ಒದ್ದೆಯಾದ ಪೆಂಡಾಲಿನಲ್ಲಿ ಬರಿಗಾಲಲ್ಲಿ ನಿಂತವರಿಗೆ ಜೀವಕ್ಕೇ ಅಪಾಯ.

ಆಂಪಿನ ಮೂರನೇ ಪಿನ್ ಯಾರಾದರೂ ಕತ್ತರಿಸಿದ್ದಾರೆಯೇ ನೋಡಿ. ಗುಂಯ್ ಶಬ್ದ ಹೋಗಲೆಂದು ಹಾಗೆ ಮಾಡುವ ಜಾಣರಿದ್ದಾರೆ, ಅಂಥವರನ್ನು ವೇದಿಕೆಯ ಹತ್ತಿರ ಬಿಡಬೇಡಿ. ಆಂಪ್, ಮಿಕ್ಸರ್, ಕೀಬೋರ್ಡ್ ಎಲ್ಲ ಒಂದೇ ಕಡೆಯಿಂದ, ಸರಿಯಾದ ಅರ್ಥ್ ಇರುವ ಸಾಕೆಟ್ಟಿನಿಂದ ಬರಲಿ. ಅದಕ್ಕೆ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ, ಸೋರಿಕೆ ಕಂಡ ಕ್ಷಣ ಅದು ಲೈನ್ ಕಡಿಯುತ್ತದೆ. ಜನರೇಟರ್ ತರಿಸಿದರೆ ಅದಕ್ಕೂ ನೆಲಕ್ಕೆ ಹುಗಿದ ಅರ್ಥ್ ಸಲಾಕೆ ಬೇಕು. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥಿಂಗ್ ಕೈಕೊಡುವುದಿದೆ, ಜಾತ್ರೆ ಕಾರ್ಯಕ್ರಮಗಳ ಮುಂಚೆ ಗುಂಡಿಗೆ ನೀರು ಹೊಯ್ಯಿಸಿ. ಮೈಕಿಗೆ ಸ್ಪಂಜಿನ ಟೊಪ್ಪಿ ಹಾಕಿದರೆ ಸಾಕು ಎನ್ನುವ ಮಾತು ನಂಬಬೇಡಿ. ವಯರ್‌ಲೆಸ್ ಮೈಕ್ ಆದರೆ ಆ ದಾರಿಯೇ ಕಡಿಯುತ್ತದೆ, ಹೊಸ ಗಿಟಾರಿಗೆಂದು ಇಟ್ಟ ದುಡ್ಡು ಅದಕ್ಕೆ ಹಾಕಿ.

ಪ್ರಶ್ನೆ: ಮಗ ಎಡಚ. ಬಲಗೈ ಗಿಟಾರನ್ನೇ ಕೊಡಿಸಿ ತಂತಿ ತಿರುಗಿಸಿ ಹಾಕಿಸಬಹುದೆ?
ತಾಯಿ, ಭಟ್ಕಳ

ಉತ್ತರ: ಜಿಮಿ ಹೆಂಡ್ರಿಕ್ಸ್ ಹಾಗೇ ನುಡಿಸಿದರು, ಆದ್ದರಿಂದ ಆಗುವುದಿಲ್ಲ ಎನ್ನಲಾರೆ. ಆದರೆ ಧ್ವನಿ ಏರಿಳಿಸುವ ಬಿರಡೆಗಳೆಲ್ಲ ತೋಳಿನಡಿಗೆ ಬರುತ್ತವೆ, ಮೇಲಿನ ಫ್ರೆಟ್ಟುಗಳಿಗೆ ಕೈ ಎಟುಕುವುದಿಲ್ಲ. ಬರಿಗೈಯಲ್ಲಿ ಗಿಟಾರ್ ಬಾರಿಸಿದ ಹಾಗೆ ಮಾಡಿ ತೋರಿಸು ಎನ್ನಿ. ಮೀಟುವ ಕೈ ಎಡಗೈಯೇ ಆದರೆ ಎಡಗೈಯದ್ದನ್ನೇ ತರಿಸಿ. ಮಾಡೆಲ್ಲು ಕಮ್ಮಿ, ಮೊದಲೇ ಹೇಳಿಡಬೇಕು. ಅಂಗಡಿಯವರು ತಿರುಗಿಸಿಯೇ ಕೊಡುತ್ತೇವೆ ಎಂದರೆ ನಟ್ಟನ್ನೂ ಬದಲಿಸಿ ಕೊಡುತ್ತೀರಾ ಎಂದು ಕೇಳಿ. ಸಪೂರ ತಂತಿಗೆ ಕೊರೆದ ಕಚ್ಚಿನಲ್ಲಿ ದಪ್ಪ ತಂತಿ ಕೂರುವುದಿಲ್ಲ.