ಬಾಗಿಲು ಮುಚ್ಚಿ ಪ್ರಾರ್ಥಿಸಿದರೆ ಸಾಲದೇ?

ಪ್ರಿಯ ಸಹೋದರಿಯವರೇ,

ನಿಮ್ಮ ಕಾಗದ ತಲುಪಿತು. ಬೆಳಿಗ್ಗೆ ಮನೆಯಲ್ಲಿ ಒಬ್ಬರೇ ಕೂತು ಪ್ರಾರ್ಥಿಸುವಾಗ ಸಿಗುವ ನೆಮ್ಮದಿ ಭಾನುವಾರ ಚರ್ಚಿನಲ್ಲಿ ಸಿಗುವುದಿಲ್ಲ ಎಂದು ಬರೆದಿದ್ದೀರಿ. ಎಲ್ಲರೂ ಪುಸ್ತಕ ನೋಡಿ ಓದುತ್ತೇವೆ, ಮನಸ್ಸು ಎಲ್ಲೋ ಇರುತ್ತದೆ, ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಎಂದು ಯೇಸುವೇ ಹೇಳಿದ್ದಾರೆ ಅಲ್ವಾ ಎಂದು ಕೇಳಿದ್ದೀರಿ.

ಹೇಳಿದ್ದಾರೆ, ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ. ಜನ ನೋಡಲಿ ಅಂತ ಬೀದಿ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರ ಬಗ್ಗೆ ಆಡಿದ ಮಾತು ಅದು. ಅವರು ಬೇಡವೆಂದದ್ದು ತೋರಿಕೆಯನ್ನು. ಯೆಹೂದ್ಯರ ವಿಶ್ರಾಂತಿ ದಿನವಾದ ಸಬ್ಬತ್‌ನಲ್ಲಿ ಸಭಾಮಂದಿರಕ್ಕೆ ಹೋಗುವುದು ಯೇಸುವಿಗೇ ವಾಡಿಕೆಯಾಗಿತ್ತು ಎಂದು ಇನ್ನೊಬ್ಬ ಸುವಾರ್ತೆಗಾರ ಲೂಕ ಬರೆಯುತ್ತಾನೆ. ನಿಮ್ಮ ಬೆಳಗಿನ ಪ್ರಾರ್ಥನೆಯನ್ನು ಖಂಡಿತ ಬಿಡಬೇಡಿ.

ಆದರೆ ಒಬ್ಬರೇ ಕೂತಾಗ ನಾವು ಯಾರಿಗಾಗಿ ಪ್ರಾರ್ಥಿಸುತ್ತೇವೆ? ಮಗನ ಪರೀಕ್ಷೆ, ಅಮ್ಮನ ಮೊಣಕಾಲು ನೋವು, ಮನೆ ಸಾಲ. ತಪ್ಪೇನಿಲ್ಲ. ಹಿಂದಿನ ಬೆಂಚಿನಲ್ಲಿ ಕೂರುವ, ಹೆಸರೂ ಗೊತ್ತಿಲ್ಲದ ಅಜ್ಜಿ ಆ ಪಟ್ಟಿಗೆ ಬರುವುದು ಹೇಗೆ? ನಮಗೆ ಆಗದವರು? ಸೆರೆಯಲ್ಲಿರುವವರು? ಸಭೆಯ ಪ್ರಾರ್ಥನೆ ಅವರನ್ನೆಲ್ಲ ನಮ್ಮ ಮುಂದೆ ತಂದು ನಿಲ್ಲಿಸುತ್ತದೆ.

ಸುಮಾರು 155ರಲ್ಲಿ ರೋಮ್‌ನಲ್ಲಿದ್ದ ಜಸ್ಟಿನ್ ಎಂಬ ಕ್ರೈಸ್ತ, ತಾವು ಭಾನುವಾರ ಏನು ಮಾಡುತ್ತೇವೆಂದು ಚಕ್ರವರ್ತಿಗೆ ಬರೆದು ತಿಳಿಸಿದ್ದಾನೆ. ಪಟ್ಟಣದವರು, ಹಳ್ಳಿಯವರು ಒಂದೆಡೆ ಸೇರುತ್ತಾರೆ. ಓದು, ಬೋಧನೆ ಮುಗಿದ ಮೇಲೆ ಎಲ್ಲರೂ ಎದ್ದು ನಿಂತು ಪ್ರಾರ್ಥಿಸುತ್ತಾರೆ. ರೊಟ್ಟಿ ಹಂಚುತ್ತಾರೆ. ಬರಲಾಗದವರ ಪಾಲನ್ನು ಸಭಾಸೇವಕರು ಒಯ್ದು ಕೊಡುತ್ತಾರೆ. ಉಳ್ಳವರು ಕೊಟ್ಟ ಹಣ ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಸೆರೆಯಲ್ಲಿರುವವರಿಗೆ ಹೋಗುತ್ತದೆ. ಪ್ರಾರ್ಥನೆ, ರೊಟ್ಟಿ, ಹಣ ಮೂರೂ ಒಂದೇ ಕೂಟದಲ್ಲಿ! ಇದನ್ನು ಓದಿದಾಗಲೆಲ್ಲ ನಮ್ಮ ಸಭೆಗಳು ಇನ್ನೂ ಎಷ್ಟು ದೂರ ಹೋಗಬೇಕು ಅನಿಸುತ್ತದೆ.

ಎಲ್ಲರಿಗಾಗಿ ಬೇಡುವ ಈ ವಿಶ್ವಾಸಿಗಳ ಪ್ರಾರ್ಥನೆ ಕಥೋಲಿಕರ ಬಲಿಪೂಜೆಯಲ್ಲಿ ಶತಮಾನಗಳ ಕಾಲ ಹೆಚ್ಚುಕಡಿಮೆ ಮರೆಯಾಗಿತ್ತು. ಅದನ್ನು ಮತ್ತೆ ತರಬೇಕೆಂದು ಕಥೋಲಿಕ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ತೀರ್ಮಾನಿಸಿತು. ಅದಕ್ಕೂ ಮೊದಲೇ, 1950ರಲ್ಲಿ, ನಮ್ಮ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಪಕ್ಕದವರ ಕೈಹಿಡಿದು ಸಮಾಧಾನ ಹಂಚುವ ಕ್ರಮವನ್ನು ಆರಾಧನೆಗೆ ಸೇರಿಸಿತು. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಅದು ಮೊದಲಿಂದಲೂ ಇತ್ತು.

ಇನ್ನು ಪುಸ್ತಕ ನೋಡಿ ಓದುವ ಮಾತು. ಚೆನ್ನಾಗಿರುವಾಗ ಅದು ಒಣಗಿದ ಹಾಗೆ ಕಾಣಬಹುದು. ಆದರೆ ಮನೆಯಲ್ಲಿ ಸಾವಾದಾಗ ಎಷ್ಟೋ ಜನರಿಗೆ ಪ್ರಾರ್ಥನೆಯೇ ಬಾಯಿಗೆ ಬರುವುದಿಲ್ಲ. ದೇವರ ಮೇಲೆ ಸಿಟ್ಟೂ ಇರುತ್ತದೆ. ಅಂಥವರು ಚರ್ಚಿಗೆ ಬಂದು ಸುಮ್ನೆ ಕೂತರೂ ಸಾಕು. ಸುತ್ತಲಿನವರು ಅವರ ಪರವಾಗಿ ಕೀರ್ತನೆ ಓದುತ್ತಾರೆ, ಆಮೆನ್ ಎನ್ನುತ್ತಾರೆ. ಇಂದು ನಿಮಗೆ ಬೇಸರ ತರಿಸಿದ ಅದೇ ಸಾಲು ಪಕ್ಕದಲ್ಲಿ ಕೂತವರಿಗೆ ಆ ವಾರ ಉಳಿದಿರುವ ಒಂದೇ ಪ್ರಾರ್ಥನೆಯಾಗಿರಬಹುದು. ನಿಮ್ಮ ದನಿ ಅಲ್ಲಿ ಬೇಕು, ಮನಸ್ಸು ಅತ್ತಿತ್ತ ಓಡಿದರೂ ಬೇಕು.

ಹಾಗಂತ ನಿಮ್ಮ ದೂರನ್ನು ತಳ್ಳಿಹಾಕುವುದಿಲ್ಲ. ವರ್ಷಗಟ್ಟಲೆ ಒಂದೇ ಹಾಳೆಯನ್ನು ಗಡಿಬಿಡಿಯಲ್ಲಿ ಓದಿ ಮುಗಿಸುವ ಸಭೆಗಳು ಇವೆ. ‘ಎಲ್ಲ ರೋಗಿಗಳಿಗಾಗಿ’ ಎಂದರೆ ಯಾರ ಮುಖವೂ ಕಣ್ಣಮುಂದೆ ಬರುವುದಿಲ್ಲ. ಯೇಸುವಿನ ಶಿಷ್ಯ ಪೇತ್ರ ಸೆರೆಯಲ್ಲಿದ್ದಾಗ ಯೆರೂಸಲೇಮಿನ ಸಭೆ ಅವನೊಬ್ಬನಿಗಾಗಿಯೇ ಪ್ರಾರ್ಥಿಸಿತು. ಅವರೇನೂ ಭಾರಿ ನಂಬಿಕೆಯವರಾಗಿರಲಿಲ್ಲ. ಪೇತ್ರ ಬಿಡುಗಡೆಯಾಗಿ ಬಂದು ಬಾಗಿಲು ತಟ್ಟಿದಾಗ, ಸುದ್ದಿ ತಂದ ರೋದೆ ಎಂಬ ಹುಡುಗಿಗೆ ‘ನಿನಗೆ ಹುಚ್ಚು’ ಎಂದರು. ಆದರೂ ರಾತ್ರಿಯಲ್ಲಿ ಒಟ್ಟಿಗೆ ಕೂತಿದ್ದರು.

ನಿಮ್ಮ ಸಭಾಪಾಲಕರ ಹತ್ತಿರ ಮಾತಾಡಿ. ಆರಾಧನೆಗೆ ಮೊದಲು ಬಾಗಿಲ ಬಳಿ ಒಂದು ನೋಟ್‌ಬುಕ್ ಇಡಲಿ. ಯಾರಿಗಾಗಿ ಪ್ರಾರ್ಥಿಸಬೇಕೋ ಅವರ ಹೆಸರನ್ನು, ಅವರ ಒಪ್ಪಿಗೆ ಕೇಳಿ, ಜನ ಬರೆಯಲಿ. ಓದುವ ಕೆಲಸ ಪ್ರತಿ ವಾರ ಬೇರೆಯವರಿಗೆ ಹೋಗಲಿ. ಪ್ರತಿ ಹೆಸರಿನ ನಂತರ ಸ್ವಲ್ಪ ಹೊತ್ತು ಮೌನ ಇರಲಿ. ಮೊದಲ ವಾರ ಓದಲು ನೀವೇ ಒಪ್ಪಿಕೊಳ್ಳಿ.

— ಸಂಪಾದಕ